ಐಡಿಇಯಲ್ಲಿ ಹಸಿರು, ಮೇವನ್‌ನಲ್ಲಿ ಕೆಂಪು: ಮಾಕ್ ಇರುವ ಪ್ರತಿ ಟೆಸ್ಟ್‌ಗೂ ಬೇರೆ ಇನ್‌ಸ್ಟೆನ್ಸ್ ಕೊಡುವುದು ಹೇಗೆ?

ಕೆಂಪುಪಟ್ಟಿ

ಎಲ್ಲರಿಗೂ ನಮಸ್ಕಾರ. ಜಾವಾ 17, ಟೆಸ್ಟ್ ಓಡಿಸಲು ಜೆಯುನಿಟ್ 5, ಮಾಕ್ (ನಿಜವಾದ ಆಬ್ಜೆಕ್ಟ್ ಬದಲಿಗೆ ನಿಲ್ಲುವ ನಕಲಿ) ಮಾಡಲು ಮಾಕಿಟೊ 5, ಬಿಲ್ಡ್‌ಗೆ ಮೇವನ್.

ರಿಮೈಂಡರ್‌ಸರ್ವಿಸ್ ಅಂತ ಒಂದು ಕ್ಲಾಸ್ ಇದೆ. ಅದರ ಕನ್‌ಸ್ಟ್ರಕ್ಟರ್‌ಗೆ ಎರಡು ಇಂಟರ್‌ಫೇಸ್ ಕೊಡಬೇಕು. ಒಂದು ಗ್ರಾಹಕರ ಪಟ್ಟಿ ಕೊಡುವ ರೆಪಾಸಿಟರಿ, ಇನ್ನೊಂದು ಮೆಸೇಜ್ ಕಳಿಸುವ ಸೆಂಡರ್. ಎರಡೂ ಫೈನಲ್ ಫೀಲ್ಡ್‌ಗಳು. ಟೆಸ್ಟ್ ಕ್ಲಾಸ್ ಮೇಲೆ ಮಾಕಿಟೊಎಕ್ಸ್‌ಟೆನ್ಶನ್ ಹಾಕಿದ್ದೇನೆ. ರೆಪಾಸಿಟರಿ ಮತ್ತು ಸೆಂಡರ್‌ಗೆ @ಮಾಕ್, ಸರ್ವಿಸ್‌ಗೆ @ಇಂಜೆಕ್ಟ್‌ಮಾಕ್ಸ್ (ಮಾಕ್‌ಗಳನ್ನು ಒಳಗೆ ತುಂಬಿ ಆಬ್ಜೆಕ್ಟ್ ಕಟ್ಟಿಕೊಡುವ ಅನೊಟೇಶನ್). ವಿಶೇಷ ಏನೂ ಇಲ್ಲ.

ಐಡಿಇಯಲ್ಲಿ ಇಡೀ ಕ್ಲಾಸ್ ಓಡಿಸಿದರೆ ಎಲ್ಲ ಹಸಿರು. ಮೇವನ್‌ನಲ್ಲಿ ಓಡಿಸಿದರೆ ಮೊದಲ ಟೆಸ್ಟ್ ಪಾಸ್, ಆಮೇಲಿನ ಬಹುತೇಕ ಟೆಸ್ಟ್‌ಗಳು ಫೇಲ್. ಅದೇ ಮೇವನ್‌ನಲ್ಲಿ ಒಂದೊಂದೇ ಮೆಥಡ್ ಓಡಿಸಿದರೆ ಮತ್ತೆ ಪಾಸ್! ಸೆಂಡರ್‌ನ ಸೆಂಡ್ ಮೆಥಡ್ ಕರೆಯಬೇಕಿತ್ತು, ಕರೆದಿಲ್ಲ, ಈ ಮಾಕ್ ಜೊತೆ ಒಂದು ಕರೆಯೂ ನಡೆದಿಲ್ಲ ಅಂತ ಮಾಕಿಟೊ ಹೇಳುತ್ತದೆ. ಆದರೆ ಸರ್ವಿಸ್‌ನ ಒಳಗೆ ಹೋಗಿದ್ದು ಲಾಗ್‌ನಲ್ಲಿ ಕಾಣುತ್ತಿದೆ.

ಒಂದು ಟೆಸ್ಟ್‌ನ ಕಸ ಇನ್ನೊಂದಕ್ಕೆ ಅಂಟಿಕೊಳ್ಳುತ್ತಿದೆ ಅನ್ನಿಸುತ್ತದೆ. ಹಾಗಾಗಿ ಪ್ರತಿ ಟೆಸ್ಟ್ ಮೆಥಡ್‌ಗೂ ಟೆಸ್ಟ್ ಕ್ಲಾಸನ್ನು ಹೊಸದಾಗಿ ಲೋಡ್ ಮಾಡಿ, ಬೇರೆಯದೇ ಇನ್‌ಸ್ಟೆನ್ಸ್‌ನಲ್ಲಿ ಓಡಿಸಬೇಕು. ಇದಕ್ಕೆ ಸ್ವಂತ ಕ್ಲಾಸ್‌ಲೋಡರ್ (ಕ್ಲಾಸ್‌ಗಳನ್ನು ಜೆವಿಎಂಗೆ ತರುವ ಭಾಗ) ಬರೆಯಬೇಕಾ? ಮೇವನ್‌ನಲ್ಲಿ ಟೆಸ್ಟ್ ಓಡಿಸುವ ಶ್ಯೂರ್‌ಫೈರ್ ಪ್ಲಗಿನ್‌ನಲ್ಲಿ ರಿಯೂಸ್‌ಫೋರ್ಕ್ಸ್ ಅನ್ನು ಫಾಲ್ಸ್ ಮಾಡಿಯೂ ನೋಡಿದೆ. ಬಿಲ್ಡ್ ನಿಧಾನ ಆಯಿತು, ಫೇಲ್ ಆಗುವುದು ಮಾತ್ರ ನಿಲ್ಲಲಿಲ್ಲ.

ನಲ್‌ಚೆಕ್

ಪವರ್‌ಮಾಕ್ ಅನ್ನುವ ಮಾಕಿಂಗ್ ಲೈಬ್ರರಿ ಹಾಕಿ. ಅದು ಟೆಸ್ಟ್ ಕ್ಲಾಸನ್ನು ತನ್ನದೇ ಕ್ಲಾಸ್‌ಲೋಡರ್‌ನಲ್ಲಿ ಲೋಡ್ ಮಾಡುತ್ತದೆ. ನಿಮಗೆ ಬೇಕಾಗಿರುವುದು ಅದೇ ಅಲ್ವಾ?

ಅರ್ಧವಿರಾಮ

ದಯವಿಟ್ಟು ಬೇಡ. ಪವರ್‌ಮಾಕ್‌ನ 2.0.9 ಆವೃತ್ತಿ ಬಂದಿದ್ದು 2020ರಲ್ಲಿ. ಜೆಯುನಿಟ್ 5ಕ್ಕೆ ಅದರಲ್ಲಿ ಅಧಿಕೃತ ಬೆಂಬಲ ಇಲ್ಲ. ಅದಕ್ಕೋಸ್ಕರ ಟೆಸ್ಟ್‌ಗಳನ್ನು ಜೆಯುನಿಟ್ 4ಕ್ಕೆ ಇಳಿಸಬೇಕಾ? ಅದಕ್ಕಿಂತ ಮುಖ್ಯವಾಗಿ, ಈ ರೋಗಕ್ಕೆ ಆ ಔಷಧಿಯೇ ಅಲ್ಲ.

ಕೆಂಪುಪಟ್ಟಿ ಅವರೇ, ನೀವು ಕೇಳುತ್ತಿರುವುದು ಜೆಯುನಿಟ್‌ನಲ್ಲಿ ಆಗಲೇ ಇದೆ. ಜುಪಿಟರ್‌ನ (ಜೆಯುನಿಟ್ 5ರ ಟೆಸ್ಟ್ ಎಂಜಿನ್) ಡಿಫಾಲ್ಟ್ ನಡವಳಿಕೆಯೇ ಪ್ರತಿ ಟೆಸ್ಟ್ ಮೆಥಡ್‌ಗೆ ಟೆಸ್ಟ್ ಕ್ಲಾಸ್‌ನ ಹೊಸ ಇನ್‌ಸ್ಟೆನ್ಸ್. ಪರ್-ಮೆಥಡ್ ಲೈಫ್‌ಸೈಕಲ್ ಅನ್ನುತ್ತಾರೆ. ಇದು ಹೊಸದೇನಲ್ಲ. ಜೆಯುನಿಟ್ 3ರ ಕಾಲದಲ್ಲೂ ಮೆಥಡ್‌ಗೊಂದು ಇನ್‌ಸ್ಟೆನ್ಸೇ ಇತ್ತು. ಆಗ ಎಲ್ಲ ಇನ್‌ಸ್ಟೆನ್ಸ್‌ಗಳನ್ನೂ ಮೊದಲೇ ಕಟ್ಟಿ, ಓಟ ಮುಗಿಯುವವರೆಗೆ ಇಟ್ಟುಕೊಳ್ಳುತ್ತಿತ್ತು. ಟೇರ್‌ಡೌನ್‌ನಲ್ಲಿ ಫೀಲ್ಡ್‌ಗಳಿಗೆ ನಲ್ ಹಾಕುವ ಅಭ್ಯಾಸ ಅಲ್ಲಿಂದ ಬಂತು. ಜೆಯುನಿಟ್ 4ರಿಂದ ಮೆಥಡ್ ಓಡಿಸುವ ಹೊತ್ತಿಗೆ ಇನ್‌ಸ್ಟೆನ್ಸ್ ಹುಟ್ಟುತ್ತದೆ, ಹಾಗಾಗಿ ಆ ನಲ್ ಹಾಕುವ ಕೆಲಸ ಬೇಕಿಲ್ಲ. ಈಗಲೂ ಕೆಲವರು ಸುಮ್ನೆ ಹಾಕುತ್ತಿರುತ್ತಾರೆ, ಅದಿರಲಿ.

ರಿಯೂಸ್‌ಫೋರ್ಕ್ಸ್ ಯಾಕೆ ಕೆಲಸ ಮಾಡಲಿಲ್ಲ ಅಂದರೆ, ಅದು ಪ್ರತಿ ಟೆಸ್ಟ್ *ಕ್ಲಾಸ್*‌ಗೆ ಹೊಸ ಜೆವಿಎಂ ಕೊಡುತ್ತದೆ, ಮೆಥಡ್‌ಗೆ ಅಲ್ಲ. ಒಂದೇ ಕ್ಲಾಸ್‌ನ ಮೆಥಡ್‌ಗಳು ಆಗಲೂ ಒಂದೇ ಜೆವಿಎಂನಲ್ಲಿ ಓಡುತ್ತವೆ. ಇದರಿಂದ ಒಂದು ವಿಷಯ ಗೊತ್ತಾಯಿತು. ನಿಮ್ಮ ತೊಂದರೆ ಬೇರೆ ಕ್ಲಾಸ್‌ನಿಂದ ಬರುತ್ತಿಲ್ಲ, ಈ ಕ್ಲಾಸ್‌ನ ಒಳಗೇ ಇದೆ.

ಒಂದು ಸಣ್ಣ ಕೆಲಸ ಮಾಡಿ. ಪ್ರತಿ ಟೆಸ್ಟ್‌ಗೂ ಮುಂಚೆ ಓಡುವ @ಬಿಫೋರ್‌ಈಚ್ ಮೆಥಡ್‌ನಲ್ಲಿ ಎರಡು ಸಾಲು ಪ್ರಿಂಟ್ ಮಾಡಿ: ದಿಸ್‌ನ ಐಡೆಂಟಿಟಿ ಹ್ಯಾಶ್‌ಕೋಡ್, ಮತ್ತು ಸೆಂಡರ್ ಮಾಕ್‌ನ ಐಡೆಂಟಿಟಿ ಹ್ಯಾಶ್‌ಕೋಡ್. @ಮಾಕ್ ಫೀಲ್ಡನ್ನು ಹಾಗೇ ಪ್ರಿಂಟ್ ಮಾಡಿದರೆ ಫೀಲ್ಡ್‌ನ ಹೆಸರಷ್ಟೇ ಬರುತ್ತದೆ. ಐಡಿಇಯಲ್ಲಿ ಒಮ್ಮೆ, ಮೇವನ್‌ನಲ್ಲಿ ಒಮ್ಮೆ ಓಡಿಸಿ ಏನು ಬಂತು ಹೇಳಿ.

ಕಸಸಂಗ್ರಹ

ಸ್ಟ್ಯಾಟಿಕ್ ಫೀಲ್ಡ್ ಇದೆಯಾ ಅಂತ ಮೊದಲು ನೋಡಿ ಮಾರಾಯ್ರೇ. ನೂರಕ್ಕೆ ತೊಂಬತ್ತು ಸಲ ಅದೇ ಇರುತ್ತದೆ.

ಕೆಂಪುಪಟ್ಟಿ

ಕಸಸಂಗ್ರಹ ಅವರೇ, ಟೆಸ್ಟ್ ಕ್ಲಾಸ್‌ನಲ್ಲಿ ಸ್ಟ್ಯಾಟಿಕ್ ಒಂದೂ ಇಲ್ಲ. ಸರ್ವಿಸ್‌ನಲ್ಲಿ ಒಂದು ಇದೆ. ಕಾನ್ಫಿಗ್‌ಹೋಲ್ಡರ್ ಅಂತ ಹಳೆಯ ಸಿಂಗಲ್‌ಟನ್, ಆದರೆ ಅದನ್ನು ಈ ಟೆಸ್ಟ್‌ಗಳು ಮುಟ್ಟುವುದಿಲ್ಲ.

ಅರ್ಧವಿರಾಮ ಅವರೇ, ಪ್ರಿಂಟ್ ಮಾಡಿದೆ. ಐಡಿಇಯಲ್ಲಿ ಪ್ರತಿ ಟೆಸ್ಟ್‌ಗೂ ದಿಸ್ ಬೇರೆ, ಮಾಕ್ ಕೂಡ ಬೇರೆ. ಮೇವನ್‌ನಲ್ಲಿ ಎಲ್ಲ ಟೆಸ್ಟ್‌ಗೂ ದಿಸ್ ಒಂದೇ, ಆದರೆ ಮಾಕ್ ಪ್ರತಿ ಸಲ ಬೇರೆ. ಕ್ಲಾಸ್ ಮೇಲೆ @ಟೆಸ್ಟ್‌ಇನ್‌ಸ್ಟೆನ್ಸ್ ಅನೊಟೇಶನ್ ನಾನು ಹಾಕಿಲ್ಲ. ಒಂದೇ ಕೋಡ್ ಎರಡು ಕಡೆ ಎರಡು ಥರ ಹೇಗೆ ನಡೆಯುತ್ತದೆ?

ಅರ್ಧವಿರಾಮ

ಸಿಕ್ಕಿತು. ನಿಮ್ಮ ಮೇವನ್ ಬಿಲ್ಡ್‌ನಲ್ಲಿ ಯಾರೋ ಡಿಫಾಲ್ಟ್ ಲೈಫ್‌ಸೈಕಲ್ ಬದಲಿಸಿದ್ದಾರೆ.

ಜೆಯುನಿಟ್.ಜುಪಿಟರ್.ಟೆಸ್ಟ್‌ಇನ್‌ಸ್ಟೆನ್ಸ್.ಲೈಫ್‌ಸೈಕಲ್.ಡಿಫಾಲ್ಟ್ ಅಂತ ಒಂದು ಪ್ಯಾರಾಮೀಟರ್ ಇದೆ. ಅದಕ್ಕೆ ಪರ್-ಕ್ಲಾಸ್ ಅಂತ ಕೊಟ್ಟರೆ, ಅನೊಟೇಶನ್ ಇಲ್ಲದ ಎಲ್ಲ ಟೆಸ್ಟ್ ಕ್ಲಾಸ್‌ಗಳೂ ಒಂದೇ ಇನ್‌ಸ್ಟೆನ್ಸ್‌ನಲ್ಲಿ ಓಡುತ್ತವೆ. ಅದನ್ನು ಕೊಡಲು ಹಲವು ದಾರಿ. ಟೆಸ್ಟ್ ರಿಸೋರ್ಸಸ್ ಫೋಲ್ಡರ್‌ನಲ್ಲಿ ಜೆಯುನಿಟ್-ಪ್ಲಾಟ್‌ಫಾರ್ಮ್ ಪ್ರಾಪರ್ಟೀಸ್ ಫೈಲ್ ಇಡಬಹುದು. ಇಲ್ಲವೇ ಜೆವಿಎಂಗೆ ಸಿಸ್ಟಂ ಪ್ರಾಪರ್ಟಿಯಾಗಿ ಕೊಡಬಹುದು. ಫೈಲ್‌ನಲ್ಲಿ ಇದ್ದಿದ್ದರೆ ಐಡಿಇಗೂ ತಾಗುತ್ತಿತ್ತು. ನಿಮ್ಮಲ್ಲಿ ಐಡಿಇ ಸರಿ ಇದೆ, ಅಂದರೆ ಅದು ಮೇವನ್‌ನ ಪಾಮ್ ಫೈಲ್‌ನಲ್ಲೇ ಎಲ್ಲೋ ಕೂತಿದೆ. ಶ್ಯೂರ್‌ಫೈರ್‌ನ ಆರ್ಗ್‌ಲೈನ್ (ಜೆವಿಎಂಗೆ ಕೊಡುವ ಆಯ್ಕೆಗಳ ಸಾಲು), ಕಾನ್ಫಿಗರೇಶನ್ ಪ್ಯಾರಾಮೀಟರ್ಸ್ ಎರಡನ್ನೂ ನೋಡಿ. ಪೇರೆಂಟ್ ಪಾಮ್ ಇದ್ದರೆ ಅದನ್ನೂ ಬಿಡಬೇಡಿ. ಬಿಲ್ಡ್‌ನಲ್ಲಿ ಒಂದು, ಐಡಿಇಯಲ್ಲಿ ಒಂದು ಆದರೆ ಹೀಗೆ ತಲೆಕೆಡುತ್ತದೆ ಅಂತ ಜೆಯುನಿಟ್‌ನ ಯೂಸರ್ ಗೈಡ್‌ನಲ್ಲೇ ಎಚ್ಚರಿಕೆ ಇದೆ.

ಈಗ ಮಾಕ್ ವಿಷಯ. ಇನ್‌ಸ್ಟೆನ್ಸ್ ಒಂದೇ ಆದ ಮಾತ್ರಕ್ಕೆ ಟೆಸ್ಟ್ ಯಾಕೆ ಬೀಳಬೇಕು? ಮಾಕಿಟೊಎಕ್ಸ್‌ಟೆನ್ಶನ್ ಪ್ರತಿ ಟೆಸ್ಟ್‌ಗೂ ಮುಂಚೆ @ಮಾಕ್ ಫೀಲ್ಡ್‌ಗಳಿಗೆ ಹೊಸ ಮಾಕ್ ಹಾಕುತ್ತದೆ. ಇದು ಸರಿಯಾಗೇ ನಡೆಯುತ್ತಿದೆ, ನಿಮ್ಮ ಪ್ರಿಂಟ್‌ನಲ್ಲೇ ಕಾಣುತ್ತಿದೆ. ಎಡವಟ್ಟು ಇರುವುದು @ಇಂಜೆಕ್ಟ್‌ಮಾಕ್ಸ್‌ನಲ್ಲಿ.

ಆ ಫೀಲ್ಡ್ ನಲ್ ಆಗಿದ್ದರೆ ಮಾತ್ರ ಮಾಕಿಟೊ ಕನ್‌ಸ್ಟ್ರಕ್ಟರ್ ಕರೆದು ಆಬ್ಜೆಕ್ಟ್ ಕಟ್ಟುತ್ತದೆ. ಮೊದಲ ಟೆಸ್ಟ್‌ನಲ್ಲಿ ನಲ್ ಇತ್ತು, ಕಟ್ಟಿತು. ಎರಡನೇ ಟೆಸ್ಟ್‌ಗೆ ಬಂದಾಗ ಟೆಸ್ಟ್ ಇನ್‌ಸ್ಟೆನ್ಸ್ ಹಳೆಯದೇ, ಫೀಲ್ಡ್‌ನಲ್ಲಿ ಹಳೆಯ ಸರ್ವಿಸ್ ಕೂತಿದೆ. ಕನ್‌ಸ್ಟ್ರಕ್ಟರ್ ಕರೆಯುವ ಮಾತೇ ಇಲ್ಲ. ಆಮೇಲೆ ಸೆಟರ್ ಅಥವಾ ಫೀಲ್ಡ್ ಮೂಲಕ ಹೊಸ ಮಾಕ್ ತುಂಬಲು ನೋಡುತ್ತದೆ. ಆದರೆ ಫೈನಲ್ ಮತ್ತು ಸ್ಟ್ಯಾಟಿಕ್ ಫೀಲ್ಡ್‌ಗಳನ್ನು ಅದು ಮುಟ್ಟುವುದಿಲ್ಲ. ನಿಮ್ಮ ಎರಡೂ ಫೀಲ್ಡ್ ಫೈನಲ್. ಹಾಗಾಗಿ ಏನೂ ಬದಲಾಗುವುದಿಲ್ಲ, ಎರರ್ ಕೂಡ ಬರುವುದಿಲ್ಲ.

ಫಲ ಏನು? ನೀವು ಸ್ಟಬ್ ಮಾಡುವುದು (ಕರೆದಾಗ ಏನು ಉತ್ತರ ಕೊಡಬೇಕು ಅಂತ ಹೇಳಿಡುವುದು) ಹೊಸ ರೆಪಾಸಿಟರಿಯನ್ನು, ವೆರಿಫೈ ಮಾಡುವುದು ಹೊಸ ಸೆಂಡರ್‌ನ ಮೇಲೆ. ಸರ್ವಿಸ್ ಮಾತಾಡುತ್ತಿರುವುದು ಮೊದಲ ಟೆಸ್ಟ್‌ನ ಮಾಕ್‌ಗಳ ಜೊತೆ. ಮನೆ ಖಾಲಿ ಮಾಡಿ ಹೋದವರ ಬಾಗಿಲು ತಟ್ಟಿದ ಹಾಗೆ.

ಫೀಲ್ಡ್ ಫೈನಲ್ ಅಲ್ಲದಿದ್ದರೆ ಎರಡನೇ ಸಲ ಹೊಸ ಮಾಕ್ ಒಳಗೆ ಹೋಗುತ್ತಿತ್ತು, ಈ ತೊಂದರೆ ಕಾಣುತ್ತಲೇ ಇರಲಿಲ್ಲ. ಅಂದರೆ ಫೈನಲ್ ತೆಗೆಯಿರಿ ಅಂತ ಅಲ್ಲ! ಕೋಡ್ ಸರಿಯಾಗಿ ಬರೆದವರಿಗೇ ಪೆಟ್ಟು ಬೀಳುವ ಜಾಗ ಇದು, ಅಷ್ಟೇ.

ಫೈನಲಿ

ಅರ್ಧವಿರಾಮ ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕೆಂಪಾದ ಟೆಸ್ಟ್‌ಗಳಿಗಿಂತ ಹಸಿರಾಗಿ ಉಳಿದವುಗಳ ಬಗ್ಗೆ ನನಗೆ ಭಯ ಜಾಸ್ತಿ. "ಮೆಸೇಜ್ ಕಳಿಸಲೇಬಾರದು" ಅಂತ ವೆರಿಫೈ-ನೆವರ್ ಮಾಡುವ ಟೆಸ್ಟ್ ಇದ್ದರೆ, ಅದು ಯಾರ ಕೈಯಲ್ಲೂ ಇಲ್ಲದ ಹೊಸ ಮಾಕ್ ಮೇಲೆ ನಡೆಯುತ್ತದೆ. ಸರ್ವಿಸ್ ನೂರು ಮೆಸೇಜ್ ಕಳಿಸಿದರೂ ಪಾಸ್. ಆ ಟೆಸ್ಟ್‌ನಲ್ಲಿ ಸ್ಟಬ್ ಇದ್ದರೆ, ಬಳಕೆಯಾಗದ ಸ್ಟಬ್ ಇದೆ ಅಂತ ಮಾಕಿಟೊ ಸ್ಟ್ರಿಕ್ಟ್ ಸ್ಟಬ್ಸ್ ಗಲಾಟೆ ಮಾಡುತ್ತದೆ. ಸ್ಟಬ್ ಇಲ್ಲದಿದ್ದರೆ ಸದ್ದೇ ಇಲ್ಲ. ಇಂಥ ಗಲಾಟೆ ಬಂದಾಗ ಕೆಲವರು ಲೀನಿಯಂಟ್ (ಆ ತಪಾಸಣೆ ಸಡಿಲಿಸುವ ಸೆಟ್ಟಿಂಗ್) ಹಾಕಿ ಬಾಯಿ ಮುಚ್ಚಿಸುತ್ತಾರೆ. ಕೆಂಪುಪಟ್ಟಿ ಅವರೇ, ನಿಮ್ಮ ಪ್ರಾಜೆಕ್ಟ್‌ನಲ್ಲಿ ಲೀನಿಯಂಟ್ ಎಲ್ಲೆಲ್ಲಿ ಇದೆ ಹುಡುಕಿ ನೋಡಿ.

ಕೆಂಪುಪಟ್ಟಿ

ಪೇರೆಂಟ್ ಪಾಮ್‌ನಲ್ಲೇ ಇತ್ತು! ಶ್ಯೂರ್‌ಫೈರ್ ಆರ್ಗ್‌ಲೈನ್‌ನ ತುದಿಯಲ್ಲಿ. "ಬಿಫೋರ್‌ಆಲ್ ಸ್ಟ್ಯಾಟಿಕ್ ಆಗಬೇಕಿಲ್ಲ" ಅಂತ ಪಕ್ಕದಲ್ಲಿ ಕಾಮೆಂಟ್ ಬೇರೆ. (ಬಿಫೋರ್‌ಆಲ್ ಅಂದರೆ ಕ್ಲಾಸ್‌ಗೊಮ್ಮೆ ಮಾತ್ರ ಓಡುವ ತಯಾರಿ ಮೆಥಡ್.) ಇನ್ನೊಂದು ಮಾಡ್ಯೂಲ್‌ನಲ್ಲಿ ಕಾಟ್ಲಿನ್ ಟೆಸ್ಟ್‌ಗಳಿವೆ, ಅವರಿಗೋಸ್ಕರ ಹಾಕಿದ್ದಂತೆ.

ಫೈನಲಿ ಅವರು ಹೇಳಿದ ವೆರಿಫೈ-ನೆವರ್ ಟೆಸ್ಟ್ ಕೂಡ ಇದೆ. ಸರ್ವಿಸ್ ಕೋಡ್‌ನಲ್ಲಿ ಬೇಕಂತಲೇ ತಪ್ಪು ಹಾಕಿ ಮೇವನ್‌ನಲ್ಲಿ ಓಡಿಸಿದೆ. ಪಾಸ್ ಆಯಿತು. ಬೆವರು ಬಂತು.

ಈಗ ಆ ಸಾಲು ತೆಗೆದರೆ ಕಾಟ್ಲಿನ್ ಮಾಡ್ಯೂಲ್ ಮುರಿಯುತ್ತದೆ. ನನ್ನ ಕ್ಲಾಸ್ ಮೇಲೆ ಮಾತ್ರ ಪರ್-ಮೆಥಡ್ ಅಂತ ಹಾಕಿದರೆ ಸಾಕಾ?

ಹಳೇಬಿಲ್ಡ್

ಪರ್-ಕ್ಲಾಸ್ ಅನ್ನು ಎಲ್ಲರೂ ವಿಲನ್ ಮಾಡುತ್ತಿದ್ದೀರಿ. ಅದಕ್ಕೂ ಕಾರಣ ಇದೆ. ಕಾಟ್ಲಿನ್‌ನಲ್ಲಿ ಸ್ಟ್ಯಾಟಿಕ್ ಮೆಥಡ್ ಇಲ್ಲ, ಬಿಫೋರ್‌ಆಲ್‌ಗೆ ಕಂಪ್ಯಾನಿಯನ್ ಆಬ್ಜೆಕ್ಟ್ ಬರೆದು ಅದರ ಮೇಲೆ ಅನೊಟೇಶನ್ ಅಂಟಿಸಬೇಕು. ಜಾವಾದಲ್ಲೂ 16ಕ್ಕಿಂತ ಮುಂಚೆ @ನೆಸ್ಟೆಡ್ ಒಳಕ್ಲಾಸ್‌ನಲ್ಲಿ ಬಿಫೋರ್‌ಆಲ್ ಬೇಕಾದರೆ ಪರ್-ಕ್ಲಾಸ್ ಬಿಟ್ಟು ದಾರಿ ಇರಲಿಲ್ಲ. ಡೇಟಾಬೇಸ್ ಕಂಟೇನರ್ ಎಬ್ಬಿಸುವಂಥ ಭಾರದ ಕೆಲಸವನ್ನು ಮೆಥಡ್‌ಗೊಮ್ಮೆ ಮಾಡುತ್ತಾ ಕೂರಲು ಆಗುತ್ತದಾ?

ಟೆಸ್ಟ್‌ಎನ್‌ಜಿ ಮೊದಲಿನಿಂದಲೂ ಒಂದು ಕ್ಲಾಸ್‌ಗೆ ಒಂದೇ ಇನ್‌ಸ್ಟೆನ್ಸ್. ಡಾಟ್‌ನೆಟ್ ಕಡೆ ನೋಡಿ, ಎನ್‌ಯುನಿಟ್ ಡಿಫಾಲ್ಟ್ ಆಗಿ ಇನ್‌ಸ್ಟೆನ್ಸ್ ಹಂಚಿಕೊಳ್ಳುತ್ತದೆ, ಎಕ್ಸ್‌ಯುನಿಟ್ ಮಾತ್ರ ಪ್ರತಿ ಟೆಸ್ಟ್‌ಗೆ ಹೊಸದು ಮಾಡುತ್ತದೆ. ಎರಡೂ ಪಂಥಗಳಲ್ಲಿ ಜನ ಚೆನ್ನಾಗೇ ಟೆಸ್ಟ್ ಬರೆಯುತ್ತಿದ್ದಾರೆ. ಬಿಫೋರ್‌ಈಚ್‌ನಲ್ಲಿ ಎಲ್ಲ ಹೊಸದಾಗಿ ಕಟ್ಟುವ ಶಿಸ್ತು ಇದ್ದರೆ ಆಯಿತು.

ಅರ್ಧವಿರಾಮ

ಹಳೇಬಿಲ್ಡ್ ಅವರೇ, ಪರ್-ಕ್ಲಾಸ್ ಇರಲಿ, ನನ್ನ ತಕರಾರಿಲ್ಲ. ಬೇಕಾದ ಕ್ಲಾಸ್ ಮೇಲೆ, ಕಣ್ಣಿಗೆ ಕಾಣುವ ಹಾಗೆ, ಅನೊಟೇಶನ್ ಆಗಿ ಇರಲಿ. ಪೇರೆಂಟ್ ಪಾಮ್‌ನ ಮೂಲೆಯಲ್ಲಿ ಕೂತು ಎಲ್ಲರ ಟೆಸ್ಟ್‌ನ ನಡವಳಿಕೆ ಬದಲಿಸಬಾರದು. "ಶಿಸ್ತು ಇದ್ದರೆ" ಅಂತ ನೀವೇ ಹೇಳಿದಿರಿ. ಮೆಥಡ್‌ಗೊಂದು ಇನ್‌ಸ್ಟೆನ್ಸ್ ಇದ್ದರೆ ಫೀಲ್ಡ್‌ಗಳ ಮಟ್ಟಿಗಾದರೂ ಆ ಶಿಸ್ತನ್ನು ಜೆಯುನಿಟ್ ನಮ್ಮ ಪರವಾಗಿ ಕಾಯುತ್ತದೆ.

ಇನ್ನೊಂದು ನಷ್ಟ ಇದೆ. ಪ್ಯಾರಲಲ್ ಓಟ ಆನ್ ಮಾಡಿ ಡಿಫಾಲ್ಟ್ ಅನ್ನು ಕನ್‌ಕರೆಂಟ್ ಮಾಡಿದರೂ, ಪರ್-ಕ್ಲಾಸ್ ಇರುವ ಕ್ಲಾಸ್‌ಗಳಿಗೆ ಜುಪಿಟರ್ ಆ ಡಿಫಾಲ್ಟ್ ಅನ್ವಯಿಸುವುದಿಲ್ಲ. ಒಂದೇ ಇನ್‌ಸ್ಟೆನ್ಸ್ ಮೇಲೆ ಹಲವು ಥ್ರೆಡ್ ಬಿಡುವುದು ಅಪಾಯ ಅಂತ. ಬೇಕೇ ಬೇಕು ಅಂದರೆ ಕ್ಲಾಸ್ ಮೇಲೆ ಬೇರೆಯಾಗಿ ಹೇಳಬೇಕು.

ಕೆಂಪುಪಟ್ಟಿ ಅವರಿಗೆ: ಉಲ್ಟಾ ಮಾಡಿ. ಪೇರೆಂಟ್ ಪಾಮ್‌ನಿಂದ ಸಾಲು ತೆಗೆದು, ಕಾಟ್ಲಿನ್ ಮಾಡ್ಯೂಲ್‌ನ ಟೆಸ್ಟ್ ರಿಸೋರ್ಸಸ್‌ನಲ್ಲಿ ಪ್ರಾಪರ್ಟೀಸ್ ಫೈಲ್ ಇಡಿ. ಆಗ ಆ ಮಾಡ್ಯೂಲ್‌ಗೆ ಮಾತ್ರ ತಾಗುತ್ತದೆ, ಅವರ ಐಡಿಇಯೂ ಬಿಲ್ಡೂ ಒಂದೇ ಥರ ನಡೆಯುತ್ತವೆ.

ನಿಮ್ಮ ಟೆಸ್ಟ್‌ನಲ್ಲಿ @ಇಂಜೆಕ್ಟ್‌ಮಾಕ್ಸ್ ತೆಗೆದುಬಿಡಿ ಅನ್ನುವುದು ನನ್ನ ಸಲಹೆ. ಬಿಫೋರ್‌ಈಚ್‌ನಲ್ಲಿ ಕೈಯಾರೆ ನ್ಯೂ ರಿಮೈಂಡರ್‌ಸರ್ವಿಸ್ ಅಂತ ಬರೆದು ಎರಡು ಮಾಕ್‌ಗಳನ್ನು ಕೊಡಿ. ಒಂದೇ ಸಾಲು. ಲೈಫ್‌ಸೈಕಲ್ ಯಾವುದೇ ಇದ್ದರೂ ನಡೆಯುತ್ತದೆ. ಜೊತೆಗೆ, ನಾಳೆ ಕನ್‌ಸ್ಟ್ರಕ್ಟರ್‌ಗೆ ಮೂರನೇ ಪ್ಯಾರಾಮೀಟರ್ ಬಂದರೆ ಕಂಪೈಲರ್ ಅಲ್ಲೇ ನಿಲ್ಲಿಸುತ್ತದೆ. @ಇಂಜೆಕ್ಟ್‌ಮಾಕ್ಸ್ ಆದರೆ ಅದಕ್ಕೆ ಮಾಕ್ ಸಿಗದಿದ್ದರೆ ನಲ್ ಕೊಟ್ಟು ಮುಂದೆ ಹೋಗುತ್ತದೆ. ಆಮೇಲೆ ನಲ್ ಪಾಯಿಂಟರ್ ಹುಡುಕುತ್ತಾ ಕೂರಬೇಕು.

ಫೈನಲಿ

ಪರ್-ಮೆಥಡ್ ಗ್ಯಾರಂಟಿ ಇದ್ದರೆ ಬಿಫೋರ್‌ಈಚ್ ಕೂಡ ಬೇಕಿಲ್ಲ. ಫೀಲ್ಡ್ ಬರೆಯುವ ಜಾಗದಲ್ಲೇ ಮಾಕ್ ಮೆಥಡ್ ಕರೆದು ಮಾಕ್ ಮಾಡಿ, ಕೆಳಗಿನ ಸಾಲಿನಲ್ಲಿ ಸರ್ವಿಸ್ ಕಟ್ಟಿ, ಎಲ್ಲಕ್ಕೂ ಫೈನಲ್ ಹಾಕಿ. ಇನ್‌ಸ್ಟೆನ್ಸ್ ಹುಟ್ಟುವಾಗ ಎಲ್ಲವೂ ಹೊಸದಾಗಿ ಹುಟ್ಟುತ್ತದೆ. ನನಗೆ ಈ ಶೈಲಿ ಇಷ್ಟ. ಆದರೆ ಹೀಗೆ ಮಾಡಿದ ಮಾಕ್‌ಗಳು ಮಾಕಿಟೊಎಕ್ಸ್‌ಟೆನ್ಶನ್ ತನ್ನ ಕೆಲಸ ಶುರುಮಾಡುವ ಮುಂಚೆಯೇ ಹುಟ್ಟಿರುತ್ತವೆ. ಸ್ಟ್ರಿಕ್ಟ್ ಸ್ಟಬ್ಸ್‌ನ ಪೂರ್ತಿ ಕಾವಲು ಬೇಕಿದ್ದರೆ @ಮಾಕ್ ಜೊತೆ ಬಿಫೋರ್‌ಈಚೇ ಸರಿ.

ನಲ್‌ಚೆಕ್

ಸರಿ, ಪವರ್‌ಮಾಕ್ ಮಾತು ವಾಪಸ್ ತಗೊಂಡೆ. ಆದರೂ ಕ್ಲಾಸ್‌ಲೋಡರ್ ಬೇಕಾಗುವ ಸಂದರ್ಭ ಇಲ್ಲವೇ ಇಲ್ಲ ಅಂತೀರಾ? ಅವರ ಕಾನ್ಫಿಗ್‌ಹೋಲ್ಡರ್ ಥರದ್ದು ಇದ್ದರೆ ಏನು ಮಾಡುವುದು?

ಕಸಸಂಗ್ರಹ

ಇದಕ್ಕೆ ನಾನು ಹೇಳುತ್ತೇನೆ, ಕೈ ಸುಟ್ಟುಕೊಂಡ ಜಾಗ.

ಸ್ಟ್ಯಾಟಿಕ್ ಫೀಲ್ಡ್ ಸೇರುವುದು ಕ್ಲಾಸ್‌ಗೆ. ಜೆವಿಎಂ ಕ್ಲಾಸನ್ನು ಗುರುತಿಸುವುದು ಹೆಸರು ಮತ್ತು ಲೋಡರ್ ಎರಡೂ ಸೇರಿ. ಅದಕ್ಕೇ ಬೇರೆ ಲೋಡರ್‌ನಲ್ಲಿ ಲೋಡ್ ಮಾಡಿದರೆ ಸ್ಟ್ಯಾಟಿಕ್‌ಗಳು ಹೊಸದಾಗಿ ಶುರುವಾಗುತ್ತವೆ, ಸ್ಟ್ಯಾಟಿಕ್ ಬ್ಲಾಕ್ ಮತ್ತೆ ಓಡುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಅದೇ ಕಾರಣಕ್ಕೆ ಎರಡು ಲೋಡರ್‌ನಿಂದ ಬಂದ ಒಂದೇ ಹೆಸರಿನ ಕ್ಲಾಸ್‌ಗಳು ಒಂದಕ್ಕೊಂದು ಅಪರಿಚಿತ. ಸೆಂಡರ್ ಅನ್ನು ಸೆಂಡರ್‌ಗೆ ಕಾಸ್ಟ್ ಮಾಡಲಾಗದು ಅಂತ ಎಕ್ಸೆಪ್ಶನ್ ಬರುತ್ತದೆ. ಓದಿದವರು ಕಂಪ್ಯೂಟರ್‌ಗೇ ಹುಚ್ಚು ಹಿಡಿದಿದೆ ಅಂದುಕೊಳ್ಳುತ್ತಾರೆ. ನಿಮ್ಮ ಮಾಕ್ ಹೊರಗಿನ ಲೋಡರ್‌ನ ಸೆಂಡರ್‌ಗೆ ಮಾಡಿದ್ದು, ಒಳಗಿನ ಸರ್ವಿಸ್‌ಗೆ ಬೇಕಿರುವುದು ಒಳಗಿನ ಸೆಂಡರ್. ಎಲ್ಲ ರಿಫ್ಲೆಕ್ಷನ್‌ನಲ್ಲೇ ಮಾಡಬೇಕಾಗುತ್ತದೆ.

ಇನ್ನೊಂದು ಹಳ್ಳ: ಸಾಮಾನ್ಯವಾಗಿ ಲೋಡರ್ ಮೊದಲು ತನ್ನ ಪೇರೆಂಟನ್ನು ಕೇಳುತ್ತದೆ. ಆಪ್ ಲೋಡರನ್ನೇ ಪೇರೆಂಟ್ ಮಾಡಿದರೆ ಹಳೆಯ ಕ್ಲಾಸೇ ವಾಪಸ್ ಬರುತ್ತದೆ, ಪ್ರತ್ಯೇಕತೆ ಅನ್ನುವುದೇ ಇಲ್ಲ. ಪ್ಲಾಟ್‌ಫಾರ್ಮ್ ಲೋಡರನ್ನು ಪೇರೆಂಟ್ ಮಾಡಿ, ಕ್ಲಾಸ್‌ಪಾತನ್ನು ನೀವೇ ಕೊಡಬೇಕು. ಹಿಂದೆ ಆಪ್ ಲೋಡರನ್ನು ಯುಆರ್‌ಎಲ್‌ಕ್ಲಾಸ್‌ಲೋಡರ್‌ಗೆ ಕಾಸ್ಟ್ ಮಾಡಿ ಪಾತ್‌ಗಳನ್ನು ತೆಗೆಯುತ್ತಿದ್ದರು. ಜಾವಾ 9ರಿಂದ ಆ ಆಟ ನಡೆಯುವುದಿಲ್ಲ.

ಇಷ್ಟೆಲ್ಲ ಒದ್ದಾಡುವುದು ಸ್ಟ್ಯಾಟಿಕ್ ಬ್ಲಾಕ್‌ನ ನಡವಳಿಕೆಯನ್ನೇ ಟೆಸ್ಟ್ ಮಾಡಬೇಕಾದಾಗ ಮಾತ್ರ. ಅದಕ್ಕೂ ಆ ಒಂದು ಟೆಸ್ಟನ್ನು ಬೇರೆ ಕ್ಲಾಸ್‌ಗೆ ಹಾಕಿ, ಅದಕ್ಕೆ ಮಾತ್ರ ರಿಯೂಸ್‌ಫೋರ್ಕ್ಸ್ ಫಾಲ್ಸ್ ಇರುವ ಶ್ಯೂರ್‌ಫೈರ್ ಎಕ್ಸಿಕ್ಯೂಶನ್ ಕೊಟ್ಟರೆ ಕೆಲಸ ಸುಲಭ.

ಕೆಂಪುಪಟ್ಟಿ

ಪೇರೆಂಟ್ ಪಾಮ್ ಸರಿಮಾಡಿದೆವು. ಸರ್ವಿಸನ್ನು ಬಿಫೋರ್‌ಈಚ್‌ನಲ್ಲಿ ಕಟ್ಟುತ್ತಿದ್ದೇನೆ. ಈ ಕ್ಲಾಸ್ ಎರಡೂ ಕಡೆ ಹಸಿರು. ವೆರಿಫೈ-ನೆವರ್ ಟೆಸ್ಟ್ ಕೂಡ ಈಗ ತಪ್ಪು ಕೋಡ್ ಹಾಕಿದರೆ ಸರಿಯಾಗಿ ಬೀಳುತ್ತದೆ.

ಆದರೆ ಈಗ ಇನ್ನೊಂದು ಕ್ಲಾಸ್ ಆಗಾಗ ಬೀಳುತ್ತಿದೆ. ಅದು ಕಾನ್ಫಿಗ್‌ಹೋಲ್ಡರ್ ಮುಟ್ಟುತ್ತದೆ. ಅಲ್ಲಿ ಮಾಕ್‌ಸ್ಟ್ಯಾಟಿಕ್ (ಸ್ಟ್ಯಾಟಿಕ್ ಮೆಥಡ್‌ಗಳನ್ನು ಮಾಕ್ ಮಾಡುವುದು) ಬಳಸಿದ್ದಾರೆ, ಬಿಫೋರ್‌ಈಚ್‌ನಲ್ಲಿ ತೆರೆದು ಟೆಸ್ಟ್‌ನ ಕೊನೆಯ ಸಾಲಿನಲ್ಲಿ ಕ್ಲೋಸ್ ಮಾಡಿದ್ದಾರೆ. ಒಂದು ಟೆಸ್ಟ್ ಬಿದ್ದರೆ ಅದರ ನಂತರದವೆಲ್ಲ ಸಾಲಾಗಿ ಬೀಳುತ್ತವೆ. ಈ ಥ್ರೆಡ್‌ನಲ್ಲಿ ಸ್ಟ್ಯಾಟಿಕ್ ಮಾಕ್ ಆಗಲೇ ರಿಜಿಸ್ಟರ್ ಆಗಿದೆ ಅಂತ.

ಫೈನಲಿ

ಅಸರ್ಷನ್ ಬಿದ್ದಾಗ ಕೊನೆಯ ಸಾಲಿಗೆ ಹೋಗುವುದೇ ಇಲ್ಲ, ಕ್ಲೋಸ್ ಆಗುವುದಿಲ್ಲ. ಟ್ರೈ-ವಿತ್-ರಿಸೋರ್ಸಸ್ ಒಳಗೆ ಹಾಕಿ, ಇಲ್ಲವೇ ಆಫ್ಟರ್‌ಈಚ್‌ಗೆ ಸರಿಸಿ. ಮಾಕಿಟೊ 3.4ರಲ್ಲಿ ಬಂದ ಈ ಮಾಕ್‌ಸ್ಟ್ಯಾಟಿಕ್ ಥ್ರೆಡ್‌ಗೆ ಕಟ್ಟಿಕೊಂಡಿರುತ್ತದೆ. ಟೆಸ್ಟ್ ಇನ್‌ಸ್ಟೆನ್ಸ್ ಹೊಸದಾದರೂ ಥ್ರೆಡ್ ಹಳೆಯದೇ ಆದ್ದರಿಂದ ಅದು ಉಳಿದುಬಿಡುತ್ತದೆ. ನಿಮ್ಮ ಕೋಡ್ ಎಕ್ಸಿಕ್ಯೂಟರ್ ಮೂಲಕ ಬೇರೆ ಥ್ರೆಡ್‌ನಲ್ಲಿ ಕೆಲಸ ಮಾಡಿದರೆ ಅಲ್ಲಿ ಮಾಕ್ ಕಾಣುವುದೇ ಇಲ್ಲ, ನಿಜವಾದ ಸ್ಟ್ಯಾಟಿಕ್ ಮೆಥಡ್ ಓಡುತ್ತದೆ. ಅದನ್ನೂ ಒಮ್ಮೆ ನೋಡಿಕೊಳ್ಳಿ.

ಸ್ಪ್ರಿಂಗ್‌ಬಾಗಿಲು

ಸ್ಪ್ರಿಂಗ್ ಬಳಸುವವರು ಈ ಎಳೆ ಓದುತ್ತಿದ್ದರೆ ಒಂದು ಮಾತು. ಅಲ್ಲಿ ಟೆಸ್ಟ್ ಇನ್‌ಸ್ಟೆನ್ಸ್ ಹೊಸದಾದರೂ ಅಪ್ಲಿಕೇಶನ್ ಕಾಂಟೆಕ್ಸ್ಟ್ ಕ್ಯಾಶ್‌ನಿಂದ ಬರುತ್ತದೆ, ಬೀನ್‌ಗಳು (ಸ್ಪ್ರಿಂಗ್ ಕಟ್ಟಿಡುವ ಆಬ್ಜೆಕ್ಟ್‌ಗಳು) ಹಳೆಯವೇ. ಮಾಕ್ ಬೀನ್‌ಗಳನ್ನು ಮಾತ್ರ ಸ್ಪ್ರಿಂಗ್ ಪ್ರತಿ ಟೆಸ್ಟ್ ಆದಮೇಲೆ ರೀಸೆಟ್ ಮಾಡುತ್ತದೆ. ನಿಮ್ಮ ನಿಜವಾದ ಬೀನ್ ಒಳಗೆ ಮ್ಯಾಪ್, ಕೌಂಟರ್ ಇದ್ದರೆ ಅವು ಹಾಗೇ ಇರುತ್ತವೆ. ಒಂದೊಂದು ಕ್ಲಾಸ್‌ನಲ್ಲಿ ಬೇರೆ ಬೇರೆ ಮಾಕ್ ಬೀನ್ ಇಟ್ಟರೆ ಪ್ರತಿಯೊಂದಕ್ಕೂ ಹೊಸ ಕಾಂಟೆಕ್ಸ್ಟ್ ಎದ್ದು ಬಿಲ್ಡ್ ಆಮೆ ಆಗುತ್ತದೆ. ಅಂದಹಾಗೆ, ಸ್ಪ್ರಿಂಗ್ ಬೂಟ್ 3.4ರಿಂದ @ಮಾಕ್‌ಬೀನ್ ಡೆಪ್ರಿಕೇಟ್ ಆಗಿದೆ, @ಮಾಕಿಟೊಬೀನ್‌ಗೆ ಹೋಗಿ.

ಅರ್ಧವಿರಾಮ

ಕೆಂಪುಪಟ್ಟಿ ಅವರೇ, ಇಂಥವು ಇನ್ನೆಷ್ಟು ಅಡಗಿವೆ ಅಂತ ನೋಡಲು ಕ್ರಮ ಕದಡಿ. ಜುಪಿಟರ್ ಮೆಥಡ್‌ಗಳನ್ನು ಓಡಿಸುವ ಕ್ರಮ ಮೇಲ್ನೋಟಕ್ಕೆ ತಿಳಿಯದಿದ್ದರೂ ಪ್ರತಿ ಸಲ ಒಂದೇ ಇರುತ್ತದೆ. ಹಾಗಾಗಿ ಕೆಲವು ಸೋರಿಕೆಗಳು ವರ್ಷಗಟ್ಟಲೆ ಕಾಣುವುದೇ ಇಲ್ಲ. ಡಿಫಾಲ್ಟ್ ಮೆಥಡ್ ಆರ್ಡರರ್ ಅನ್ನು ರ‍್ಯಾಂಡಮ್ ಮಾಡಿ. ಕ್ಲಾಸ್ ಆರ್ಡರರ್‌ಗೂ ಅದೇ ಮಾಡಿ, ಸ್ಟ್ಯಾಟಿಕ್‌ಗಳು ಕ್ಲಾಸ್ ದಾಟಿ ಸೋರುತ್ತವಲ್ಲ. ಬಿದ್ದಾಗ ಅದೇ ಕ್ರಮ ಮತ್ತೆ ಬೇಕಾಗುತ್ತದೆ, ಅದಕ್ಕೆ ರ‍್ಯಾಂಡಮ್ ಸೀಡ್ ಪ್ಯಾರಾಮೀಟರ್‌ಗೆ ಬಿಲ್ಡ್ ನಂಬರ್ ಕೊಡಿ. ಈ ಸಲ ದಯವಿಟ್ಟು ಆರ್ಡರರ್‌ಗಳನ್ನು ಪ್ರಾಪರ್ಟೀಸ್ ಫೈಲ್‌ನಲ್ಲೇ ಇಡಿ, ಆರ್ಗ್‌ಲೈನ್‌ನಲ್ಲಿ ಬೇಡ :)

ಕಾನ್ಫಿಗ್‌ಹೋಲ್ಡರ್ ಅನ್ನು ಒಂದೇ ಸಲಕ್ಕೆ ಕಿತ್ತುಹಾಕಲು ಆಗದು, ಗೊತ್ತು. ಅದರಿಂದ ಸರ್ವಿಸ್ ಓದುವುದು ಏನೇನು?

ಕೆಂಪುಪಟ್ಟಿ

ಎರಡೇ. ಮೆಸೇಜ್ ಕಳಿಸುವ ಗಂಟೆ, ಮತ್ತೆ ಈಗಿನ ಸಮಯ.

ಅರ್ಧವಿರಾಮ

ಹಾಗಾದರೆ ಮಾಕ್‌ಸ್ಟ್ಯಾಟಿಕ್ ಯಾಕೆ? ಕನ್‌ಸ್ಟ್ರಕ್ಟರ್‌ಗೆ ಒಂದು ಕ್ಲಾಕ್, ಒಂದು ಲೋಕಲ್‌ಟೈಮ್ ಸೇರಿಸಿ. ಕಾನ್ಫಿಗ್‌ಹೋಲ್ಡರ್‌ನಿಂದ ಓದುವ ಕೆಲಸವನ್ನು ಸರ್ವಿಸ್ ಕಟ್ಟುವ ಜಾಗಕ್ಕೆ ತಳ್ಳಿ. ಟೆಸ್ಟ್‌ನಲ್ಲಿ ಕ್ಲಾಕ್.ಫಿಕ್ಸ್ಡ್ ಕೊಡಿ. ಜಾವಾ 8ರಿಂದಲೂ ಜೆಡಿಕೆಯಲ್ಲೇ ಇದೆ, ಮಾಕ್ ಮಾಡುವುದೇ ಬೇಡ. ಹಳೆಯ ಎರಡು ಪ್ಯಾರಾಮೀಟರ್‌ನ ಕನ್‌ಸ್ಟ್ರಕ್ಟರ್ ಉಳಿಸಿಕೊಂಡರೆ ಬೇರೆ ಕಡೆಯ ಕೋಡ್ ಮುರಿಯುವುದಿಲ್ಲ. ಅದು ಹೋಲ್ಡರ್‌ನಿಂದ ಗಂಟೆ ಓದಿ, ಸಿಸ್ಟಂ ಕ್ಲಾಕ್ ಜೊತೆಗೆ ಹೊಸದಕ್ಕೆ ದಾಟಿಸಲಿ.

ಕೆಂಪುಪಟ್ಟಿ

ಮಾಡಿದೆ. ಮಾಕ್‌ಸ್ಟ್ಯಾಟಿಕ್ ಈ ಪ್ಯಾಕೇಜ್‌ನಿಂದ ಪೂರ್ತಿ ಹೋಯಿತು. ರ‍್ಯಾಂಡಮ್ ಕ್ರಮದಲ್ಲಿ ಬೇರೆ ಮಾಡ್ಯೂಲ್‌ನ ಎರಡು ಕ್ಲಾಸ್ ಬಿದ್ದಿವೆ, ಸೀಡ್ ಸಮೇತ ಆ ತಂಡಕ್ಕೆ ಕಳಿಸಿದ್ದೇನೆ. ಅವರೂ ಮೊದಲು ಕೇಳಿದ್ದು ಕ್ಲಾಸ್‌ಲೋಡರ್ ಬಗ್ಗೆಯೇ. ಈ ಎಳೆಯ ಕೊಂಡಿ ಕೊಟ್ಟೆ.